ಕಂಬಗಳ್ಳಿ ಸೊರಗಿದಾಗ: ಚಾಕು ಹಿಡಿಯುವ ಮೊದಲು ಹೆಸರು ಹಿಡಿಯಿರಿ

ಮಳೆಗಾಲ ಶುರುವಾಗಿ ಮೂರು ವಾರ ಕಳೆಯಿತೆಂದರೆ ನನ್ನ ಫೋನಿಗೆ ಫೋಟೊಗಳು ಬರತೊಡಗುತ್ತವೆ. ಒಂದು ಕುಂಡ, ಅದರಲ್ಲಿ ಮೊಳದುದ್ದದ ಹಸಿರು ಕಂಬ, ಬುಡದಲ್ಲಿ ಕಂದು ಬಣ್ಣ. ಕೆಳಗೆ ಒಂದು ಸಾಲು: "ಏನಾಗಿದೆ ಇದಕ್ಕೆ, ಯಾವ ಔಷಧಿ ಹೊಡೀಲಿ?" ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಇದು ಯಾವ ಕಳ್ಳಿ? ಕಂದಾದ ಜಾಗ ಒತ್ತಿದರೆ ಗಟ್ಟಿಯೋ, ಮೆತ್ತಗೋ? ಎರಡನೆಯದಕ್ಕೆ ಉತ್ತರ ತಕ್ಷಣ ಬರುತ್ತದೆ. ಮೊದಲನೆಯದಕ್ಕೆ ಸಿಗುವುದು "ನರ್ಸರಿಯವರು ಪೆರು ಕಳ್ಳಿ ಅಂದ್ರು" ಎಂಬ ಮಾತು ಮಾತ್ರ.

ಹೆಸರಿಗೇಕೆ ಇಷ್ಟು ಪಟ್ಟು ಎಂದು ಕೇಳಬಹುದು. ದಕ್ಷಿಣ ಅಮೆರಿಕದ ಕಂಬಗಳ್ಳಿಗಳು ಒಂದೇ ಊರಿನವಲ್ಲ. ಬ್ರೆಜಿಲ್ಲಿನ ಒಣನಾಡಾದ ಕಾಟಿಂಗದ ಕಳ್ಳಿಗೆ ಬಿಸಿ ರಾತ್ರಿ ಒಗ್ಗುತ್ತದೆ. ಆಂಡೀಸ್ ಬೆಟ್ಟದಲ್ಲಿ 3,000 ಮೀಟರ್ ಮೇಲೆ ಬೆಳೆಯುವ ಕಳ್ಳಿಗೆ ರಾತ್ರಿ ತಣ್ಣಗಾಗಲೇಬೇಕು. ಇವೆರಡನ್ನೂ ಒಂದೇ ತಾರಸಿಯಲ್ಲಿ, ಒಂದೇ ಮಣ್ಣಿನಲ್ಲಿ, ಒಂದೇ ಜೂನ್ ಮಳೆಗೆ ಬಿಟ್ಟರೆ ಒಂದು ಚಿಗುರುತ್ತದೆ, ಇನ್ನೊಂದು ಕೊಳೆಯುತ್ತದೆ. ಬೆಂಗಳೂರಿನ ತಾರಸಿಯಲ್ಲಿ ಕಳ್ಳಿ ಬೆಳೆಸಲು ಶುರುಮಾಡಿದ ಹೊಸತರಲ್ಲಿ "ಅಜ್ಜನ ಗಡ್ಡದ ಕಳ್ಳಿ" ಎಂದು ಮಾರುತ್ತಿದ್ದ ಬಿಳಿ ಕೂದಲಿನ ಗಿಡವೊಂದನ್ನು ತಂದಿದ್ದೆ. ಪಕ್ಕದ ಸೀರಿಯಸ್ ಎಂಬ ಕಂಬಗಳ್ಳಿ ಮಳೆಯಲ್ಲಿ ಸೊಂಪಾಗಿ ಬೆಳೆಯುತ್ತಿತ್ತಲ್ಲ, ಇದನ್ನೂ ಅಲ್ಲೇ ಇಟ್ಟೆ. ಜುಲೈ ಮಧ್ಯದಲ್ಲಿ ಒಮ್ಮೆ ಕುಂಡ ಸರಿಸಲು ಹೋದಾಗ ಇಡೀ ಕಂಬ ನನ್ನ ಕೈಗೇ ಬಂತು. ಬುಡದಲ್ಲಿ ಬೇರೆಂಬುದೇ ಇರಲಿಲ್ಲ. ಅದು ಓರಿಯೋಸೀರಿಯಸ್, ಬೊಲಿವಿಯಾ ಮತ್ತು ಉತ್ತರ ಅರ್ಜೆಂಟೀನಾದ ಎತ್ತರದ ಬೆಟ್ಟಗಳ ಗಿಡ ಎಂದು ತಿಳಿದದ್ದು ಅದು ಸತ್ತ ಮೇಲೆ. ಇಂದಿಗೂ ಆ ಸಂಕಟ ಮರೆತಿಲ್ಲ. ಅದಕ್ಕೇ ಈ ಕೈಪಿಡಿ ಹೆಸರಿನಿಂದ ಶುರುವಾಗುತ್ತದೆ.

ಮೊದಲು ಹೆಸರು

ಅದಕ್ಕೂ ಮೊದಲು ಇದು ಪಾಪಾಸುಕಳ್ಳಿಯ ಕುಟುಂಬದ್ದು ಹೌದೇ ಎಂದು ನೋಡಿ. ಕನ್ನಡದಲ್ಲಿ ನಾವು "ಕಳ್ಳಿ" ಎನ್ನುವುದು ಎರಡು ಬೇರೆ ಬೇರೆ ಕುಟುಂಬಗಳನ್ನು. ನಮ್ಮ ಹಳ್ಳಿಗಳ ಬೇಲಿಯ ಚದುರಗಳ್ಳಿ ಯೂಫೋರ್ಬಿಯಾ. ಗೀರಿದರೆ ಹಾಲು ಸುರಿಯುತ್ತದೆ, ಅದು ಕಣ್ಣಿಗೆ ಬಿದ್ದರೆ ಬಹಳ ಅಪಾಯ. ಆಫ್ರಿಕಾದ ಕಂಬದಂಥ ಯೂಫೋರ್ಬಿಯಾಗಳೂ ನರ್ಸರಿಗಳಲ್ಲಿ "ಕ್ಯಾಕ್ಟಸ್" ಹೆಸರಲ್ಲೇ ಕೂತಿರುತ್ತವೆ. ಬೇರ್ಪಡಿಸಲು ಗೀರಬೇಕಾಗಿಲ್ಲ, ಮುಳ್ಳಿನ ಬುಡ ನೋಡಿದರೆ ಸಾಕು. ನಿಜವಾದ ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ಪುಟ್ಟ ಉಣ್ಣೆಯ ಗುಂಡಿಯೊಂದರಿಂದ ಗೊಂಚಲಾಗಿ ಹೊರಡುತ್ತವೆ. ಅದಕ್ಕೆ ಏರಿಯೋಲ್ ಎನ್ನುತ್ತಾರೆ. ಇಲ್ಲಿ ನಾನು "ಮುಳ್ಳುಗುಂಡಿ" ಎನ್ನುತ್ತೇನೆ. ಯೂಫೋರ್ಬಿಯಾದಲ್ಲಿ ಆ ಉಣ್ಣೆಯ ಗುಂಡಿ ಇಲ್ಲ. ಮುಳ್ಳು ಹೆಚ್ಚಾಗಿ ಜೋಡಿಯಾಗಿ, ಕಂಬದುದ್ದಕ್ಕೂ ಎದ್ದು ನಿಂತ ಅಂಚಿನ, ಅಂದರೆ ಏಣಿನ ಮೇಲೆಯೇ ಇರುತ್ತದೆ. ನಿಮ್ಮದು ಯೂಫೋರ್ಬಿಯಾ ಆಗಿದ್ದರೆ ಮುಂದಿನ ಮಾತುಗಳಲ್ಲಿ ಅರ್ಧ ಅದಕ್ಕೆ ಹೊಂದುವುದಿಲ್ಲ.

ಈಗ ಆ "ಪೆರು ಕಳ್ಳಿ"ಯ ವಿಚಾರ. ಈ ಹೆಸರಿನಷ್ಟು ಗೊಂದಲ ಹುಟ್ಟಿಸಿದ ಹೆಸರು ಇನ್ನೊಂದಿಲ್ಲ. ಸೀರಿಯಸ್ ಪೆರುವಿಯಾನಸ್ ಎಂಬುದು ಹಳೆಯ ತೋಟಗಾರಿಕೆಯ ಹೆಸರು. ಇಂದು ಅದನ್ನು ಸೀರಿಯಸ್ ರೆಪಾಂಡಸ್ ಎನ್ನುತ್ತಾರೆ. ಆ ಗಿಡದ ತವರು ವೆನೆಜುವೆಲಾ, ಉತ್ತರ ಕೊಲಂಬಿಯಾ, ಕುರಸಾವ್ ದ್ವೀಪ. ಪೆರು ಅಲ್ಲವೇ ಅಲ್ಲ. ಆ ಹೆಸರಲ್ಲಿ ತೋಟಗಳಲ್ಲಿ ಬೆಳೆಯುವ ಎಷ್ಟೋ ಗಿಡಗಳು ವಾಸ್ತವವಾಗಿ ದಕ್ಷಿಣ ಬ್ರೆಜಿಲ್, ಉರುಗ್ವೆ ಕಡೆಯ ಸೀರಿಯಸ್ ಹಿಲ್ಡ್‌ಮನ್ನಿಯಾನಸ್. ಟ್ರೈಕೊಸೀರಿಯಸ್ ಪೆರುವಿಯಾನಸ್ ಬೇರೆಯೇ ಗಿಡ. ಇದು ನಿಜಕ್ಕೂ ಪೆರುವಿನದು. ಲಿಮಾದಿಂದ ಬೆಟ್ಟ ಹತ್ತುವ ದಾರಿಯ ಮಟುಕಾನ ಕಣಿವೆಯ ಗಿಡವನ್ನು ನೋಡಿ ಸಸ್ಯವಿಜ್ಞಾನಿಗಳಾದ ಬ್ರಿಟನ್ ಮತ್ತು ರೋಸ್ 1920ರಲ್ಲಿ ವರ್ಣಿಸಿದರು. ಅದೇ ವರ್ಷ ಅವರು ಎಕ್ವಡಾರಿನ ಟ್ರೈಕೊಸೀರಿಯಸ್ ಪಚನೊಯ್ ಅನ್ನೂ ವರ್ಣಿಸಿದರು, ಜನ ಸ್ಯಾನ್ ಪೆದ್ರೊ ಎನ್ನುವ ಗಿಡ. 1974ರಲ್ಲಿ ಟ್ರೈಕೊಸೀರಿಯಸ್‌ಗಳನ್ನೆಲ್ಲ ಎಕಿನಾಪ್ಸಿಸ್ ಕುಲಕ್ಕೆ ಸೇರಿಸಿದರು. 2012ರಲ್ಲಿ ಶ್ಲುಂಪ್‌ಬರ್ಗರ್ ಮತ್ತು ರೆನರ್ ನಡೆಸಿದ ಡಿಎನ್‌ಎ ಅಧ್ಯಯನ ಆ ದೊಡ್ಡ ಗುಂಪು ಒಂದೇ ವಂಶದ್ದಲ್ಲ ಎಂದು ತೋರಿಸಿತು. ಹಾಗಾಗಿ ಒಂದೇ ಗಿಡಕ್ಕೆ ಎರಡು ಚೀಟಿಗಳಲ್ಲಿ ಎರಡು ಹೆಸರು ಕಂಡರೆ ಗಾಬರಿ ಬೇಡ.

ಸೀರಿಯಸ್ ಮತ್ತು ಟ್ರೈಕೊಸೀರಿಯಸ್ ಬೇರೆ ಮಾಡಲು ನಾನು ಮೊದಲು ನೋಡುವುದು ಏಣುಗಳನ್ನು. ಸೀರಿಯಸ್‌ನ ಏಣು ತೆಳು, ಆಳ, ಹಲಗೆಯ ಅಂಚಿನ ಹಾಗೆ. ಐದಾರು ಏಣುಗಳ ಗಿಡವನ್ನು ಅಡ್ಡ ಕೊಯ್ದರೆ ನಕ್ಷತ್ರ ಕಾಣುತ್ತದೆ. ಟ್ರೈಕೊಸೀರಿಯಸ್‌ಗಳಾದ ಪಚನೊಯ್, ಪೆರುವಿಯಾನಸ್‌ಗಳ ಏಣು ದಪ್ಪ, ದುಂಡು. ಜೊತೆಗೆ ಪ್ರತಿ ಮುಳ್ಳುಗುಂಡಿಯ ಮೇಲೆ ಉಗುರಿನಿಂದ ಒತ್ತಿದಂತೆ ಒಂದು ಗೆರೆ, ಇಂಗ್ಲಿಷಿನ ವಿ ಅಕ್ಷರದ ಹಾಗೆ. ಪಚನೊಯ್‌ನ ಮುಳ್ಳು ಗಿಡ್ಡ, ಕೆಲವೊಮ್ಮೆ ಇಲ್ಲವೇ ಇಲ್ಲ. ಪೆರುವಿಯಾನಸ್‌ನದು ಕಂದು, ಮೂರ್ನಾಲ್ಕು ಸೆಂಟಿಮೀಟರ್ ಉದ್ದ. ಬೊಲಿವಿಯಾದ ಲಾ ಪಾಸ್ ಕಡೆಯ ಬ್ರಿಡ್ಜೆಸಿ ಎಂಬ ಟ್ರೈಕೊಸೀರಿಯಸ್‌ಗೆ ಏಣು ಕಡಿಮೆ, ಮುಳ್ಳು ಇನ್ನೂ ಉದ್ದ, ಜೇನಿನ ಬಣ್ಣ. ಏಣುಗಳು ಹತ್ತು ದಾಟಿ, ಕಂಬ ಮಣಿಕಟ್ಟಿನಷ್ಟೇ ದಪ್ಪವಿದ್ದು, ಮುಳ್ಳು ಹೊಂಬಣ್ಣವಾಗಿದ್ದರೆ ಸ್ಪಾಕಿಯಾನಸ್ ಇರಬಹುದು. ಮುಳ್ಳಿನ ಉದ್ದವನ್ನೇ ನಂಬಬೇಡಿ, ಎಳೆಯ ಗಿಡದ ಮುಳ್ಳಿಗೂ ಬಲಿತದ್ದಕ್ಕೂ ತಾಳೆಯಾಗುವುದಿಲ್ಲ. ಕೊನೆಯ ತೀರ್ಪು ಹೂವಿನದು. ಗ್ರೀಕಿನಲ್ಲಿ ಟ್ರೈಕೊ ಎಂದರೆ ಕೂದಲು; ಆ ಕುಲದ ಹೂವಿನ ಕೊಳವೆಯ ಹೊರಮೈ ತುಂಬ ದಟ್ಟ ಕೂದಲು. ಸೀರಿಯಸ್‌ನ ಕೊಳವೆ ನುಣುಪು.

ಬಿಳಿ ಕೂದಲಿನವು ಮೂರು, ಇವನ್ನು ಜನ ಪದೇ ಪದೇ ಅದಲುಬದಲು ಮಾಡುತ್ತಾರೆ. ಮೈತುಂಬ ಹತ್ತಿ ಸುತ್ತಿದಂತಿರುವುದು ಎಸ್ಪೊಸ್ಟೊವಾ, ಉತ್ತರ ಪೆರು ಮತ್ತು ದಕ್ಷಿಣ ಎಕ್ವಡಾರಿನದು. ಉದ್ದ ಕೂದಲಿನ ನಡುವಿಂದ ದಪ್ಪ ಹಳದಿ ಅಥವಾ ಕೆಂಗಂದು ಮುಳ್ಳು ಚಾಚಿಕೊಂಡಿದ್ದರೆ ಓರಿಯೋಸೀರಿಯಸ್. ಕೂದಲಲ್ಲ, ಬ್ರಷ್ಷಿನಂಥ ಸಣ್ಣ ಬಿಳಿ ಮುಳ್ಳು ಒತ್ತಾಗಿದ್ದು ಕಂಬ ತೆಳ್ಳಗಿದ್ದರೆ ಬೊಲಿವಿಯಾದ ಕ್ಲೈಸ್ಟೊಕ್ಯಾಕ್ಟಸ್ ಸ್ಟ್ರೌಸಿ. ಮೆಕ್ಸಿಕೊದ ಮುದುಕ ಕಳ್ಳಿ ಸೆಫಲೊಸೀರಿಯಸ್ ಇವುಗಳ ನಡುವೆ ಬಂದು ಸೇರಿಕೊಳ್ಳುತ್ತದೆ, ಆದರೆ ಅದು ದಕ್ಷಿಣ ಅಮೆರಿಕದ್ದಲ್ಲ. ನೀಲಿ ಮೈ, ಬಂಗಾರದ ಮುಳ್ಳು ಇದ್ದರೆ ಬ್ರೆಜಿಲ್ಲಿನ ಪೈಲೊಸೊಸೀರಿಯಸ್. ಕಲಬುರಗಿ, ರಾಯಚೂರಿನ ಬಿಸಿಗೂ ಹೆದರದ ಗಿಡ ಅದು.

ಕಂಬವನ್ನು ಓದುವುದು

ಕಂಬಗಳ್ಳಿ ಉದ್ದವಾಗುವುದು ಸುಳಿಯಲ್ಲಿ ಮಾತ್ರ. ಕೆಳಗಿನ ಭಾಗ ಒಮ್ಮೆ ಬೆಳೆದು ಮುಗಿಯಿತೆಂದರೆ ಮತ್ತೆ ಉದ್ದವಾಗುವುದಿಲ್ಲ. ಹಾಗಾಗಿ ಬುಡ ಎಂದರೆ ಹಳೆಯ ವರ್ಷ, ಸುಳಿ ಎಂದರೆ ಈ ವಾರ. ಕಲೆ ಎಲ್ಲಿದೆ ಎಂದು ಗೊತ್ತಾದರೆ ಅದು ಯಾವಾಗಿನದು ಎಂದೂ ಹೆಚ್ಚುಕಮ್ಮಿ ಗೊತ್ತಾಗುತ್ತದೆ. ಕಂಬದ ನಡುವೆ ಸೊಂಟದಂತೆ ಕಿರಿದಾದ ಜಾಗ ಇದ್ದರೆ, ಆ ಎತ್ತರಕ್ಕೆ ಬೆಳೆದಾಗ ಗಿಡ ಕತ್ತಲಲ್ಲಿತ್ತು: ಮನೆಯೊಳಗೆ, ನರ್ಸರಿಯ ದಟ್ಟ ನೆರಳು ಪರದೆಯಡಿ, ಅಥವಾ ದಿನಗಟ್ಟಲೆ ಪಾರ್ಸೆಲ್ ಪೆಟ್ಟಿಗೆಯಲ್ಲಿ. ಅದು ರೋಗವಲ್ಲ, ವಾಸಿಯೂ ಆಗುವುದಿಲ್ಲ. ಆದರೆ ಮೇಲಿನ ಭಾಗ ದಪ್ಪವಾದ ಮೇಲೆ ಜೋರು ಗಾಳಿಗೆ ಅಲ್ಲೇ ಮುರಿಯುತ್ತದೆ. ಮೊದಲೇ ಕೋಲು ಕಟ್ಟಿ, ಇಲ್ಲವೇ ಬೇಸಿಗೆಯ ಮೊದಲಲ್ಲಿ ಅಲ್ಲೇ ಕತ್ತರಿಸಿ ಎರಡು ಗಿಡ ಮಾಡಿ.

ಎತ್ತರ ನೋಡಿದ ಮೇಲೆ ದಿಕ್ಕು ನೋಡಿ. ಕಲೆ ಒಂದೇ ಬದಿಯಲ್ಲಿದೆಯೇ, ಸುತ್ತಲೂ ಇದೆಯೇ? ಒಂದೇ ಬದಿಯಲ್ಲಿದ್ದರೆ ಹೆಚ್ಚಾಗಿ ಬಿಸಿಲಿನ ಕೆಲಸ, ಸುತ್ತಲೂ ಇದ್ದರೆ ಬೇರು ಅಥವಾ ಕೀಟ. ಇದನ್ನು ಹೇಳಬೇಕಾದರೆ ಕುಂಡ ಯಾವ ಮುಖಕ್ಕೆ ಇತ್ತು ಎಂದು ನೆನಪಿರಬೇಕು. ನನ್ನ ಎಲ್ಲ ಕುಂಡಗಳ ಉತ್ತರದ ಬದಿಗೆ ಬಿಳಿ ಪೇಂಟಿನ ಚುಕ್ಕೆ ಇಟ್ಟಿದ್ದೇನೆ.

ಉಬ್ಬುಗಂಟಾಗಿ, ಏಣುಗಳೆಲ್ಲ ಕಲಸಿಹೋದಂತೆ ಬೆಳೆದ ಸೀರಿಯಸ್ ಕಂಡರೆ ಅದಕ್ಕೂ ಔಷಧಿ ಬೇಡ. ಅದು ಮಾನ್‌ಸ್ಟ್ರೋಸ್ ಎಂಬ ರೂಪ, ಅದಕ್ಕಾಗಿಯೇ ಬೆಳೆಸಿ ಮಾರುತ್ತಾರೆ.

ಬುಡ ಕಂದಾಗಿದೆ

ಹೆಚ್ಚು ಗಿಡಗಳು ಉಳಿಯುವುದು, ಸಾಯುವುದು ಇಲ್ಲೇ. ಹೆಬ್ಬೆರಳಿಂದ ಒತ್ತಿ ನೋಡಿ. ಗಟ್ಟಿಯಾಗಿ, ಒಣಗಿ, ಮರದ ತೊಗಟೆಯಂತಿದ್ದು, ಕೆಳಗಿಂದ ಮೇಲಕ್ಕೆ ನಿಧಾನವಾಗಿ ವರ್ಷಗಟ್ಟಲೆಯಲ್ಲಿ ಏರುತ್ತಿದ್ದರೆ ಅದು ವಯಸ್ಸು. ಕಂಬ ಎತ್ತರವಾದಂತೆ ಭಾರ ಹೊರಲು ಬುಡ ಮರವಾಗಲೇಬೇಕು. ಅರ್ಜೆಂಟೀನಾದ ಸಾಲ್ಟಾ ಪ್ರಾಂತ್ಯದಲ್ಲಿ 1996ರಲ್ಲಿ ಸ್ಥಾಪನೆಯಾದ ಲೋಸ್ ಕಾರ್ದೋನೆಸ್ ರಾಷ್ಟ್ರೀಯ ಉದ್ಯಾನಕ್ಕೆ ಹೆಸರು ಕೊಟ್ಟ ಕಾರ್ದೋನ್ ಕಳ್ಳಿಗಳ ಬುಡವೆಲ್ಲ ಹೀಗೇ ಇರುತ್ತದೆ. ವಾಯವ್ಯ ಅರ್ಜೆಂಟೀನಾದ ಬೆಟ್ಟದೂರುಗಳಲ್ಲಿ, ಮರ ಸಿಗದ ಕಡೆ, ತೂತುತೂತಾದ ಆ ಕಳ್ಳಿಯ ಕಟ್ಟಿಗೆಯಿಂದಲೇ ಚರ್ಚುಗಳ ಬಾಗಿಲು, ಚಾವಣಿ ಮಾಡಿದ್ದಾರೆ. ಇಂಥ ಕಂದನ್ನು ಕಂಡು ಚಾಕು ಎತ್ತಿದರೆ ಒಳ್ಳೆಯ ಗಿಡವನ್ನು ಕೈಯಾರೆ ಕೊಂದಂತೆ.

ಮೆತ್ತಗಿದ್ದರೆ, ಒತ್ತಿದಾಗ ನೀರು ಜಿನುಗಿದರೆ, ಕಂದು ಎರಡು ದಿನದಲ್ಲಿ ಬೆರಳಗಲ ಏರಿದರೆ ಅದು ಕೊಳೆ. ಕೆಟ್ಟ ವಾಸನೆ ಇದ್ದರೆ ಬ್ಯಾಕ್ಟೀರಿಯಾ. ವಾಸನೆಯಿಲ್ಲದೆ ಕಪ್ಪಾಗುತ್ತ ಏರಿದರೆ ಹೆಚ್ಚಾಗಿ ಫೈಟಾಫ್ತೊರಾ, ನಮ್ಮ ಅಡಿಕೆ ತೋಟಗಳ ಕೊಳೆರೋಗಕ್ಕೆ ಕಾರಣವಾದ ಅದೇ ಕುಲ. ಮಲೆನಾಡಿನವರು ಇಲ್ಲಿ ಕೂಡಲೇ ಬೋರ್ಡೋ ದ್ರಾವಣ ನೆನೆಯುತ್ತಾರೆ. ತಾಮ್ರದ ಔಷಧಿ ರೋಗ ತಗಲುವ ಮೊದಲು ಕಾಯುತ್ತದೆ, ಒಳಗೆ ಕೊಳೆತ ಕಂಬವನ್ನು ಯಾವ ಸಿಂಪರಣೆಯೂ ಉಳಿಸುವುದಿಲ್ಲ. ಉಳಿಸುವುದು ಚಾಕು ಮಾತ್ರ, ಅದೂ ಆ ದಿನವೇ.

ಕೊಯ್ಯುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ತಪ್ಪುಗಳು ಇಲ್ಲೇ ಆಗುವುದು. ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕಂದು ಮುಗಿದ ಜಾಗದಿಂದ ಎರಡು ಬೆರಳು ಮೇಲೆ ಅಡ್ಡ ಕೊಯ್ಯಿರಿ. ಕೊಯ್ದ ಮುಖದ ನಡುವೆ ಒಂದು ಉಂಗುರ ಕಾಣುತ್ತದೆ, ನೀರು ಸಾಗಿಸುವ ನಾಳಗಳ ಉಂಗುರ. ತಿರುಳು ಬೆಳ್ಳಗಿದ್ದರೂ ಆ ಉಂಗುರದಲ್ಲಿ ಒಂದೇ ಒಂದು ಕಂದು ಅಥವಾ ಕೆಂಪು ಚುಕ್ಕೆ ಇದ್ದರೆ ಕೆಲಸ ಮುಗಿದಿಲ್ಲ. ಚಾಕು ಮತ್ತೆ ಒರೆಸಿ, ಇನ್ನೂ ಎರಡು ಬೆರಳು ಮೇಲೆ ಕೊಯ್ಯಿರಿ. ಪ್ರತಿ ಕೊಯ್ತಕ್ಕೂ ಒರೆಸಬೇಕು, ಇಲ್ಲದಿದ್ದರೆ ರೋಗವನ್ನು ನೀವೇ ಮೇಲೆ ಹತ್ತಿಸುತ್ತೀರಿ. ಉಂಗುರ ಪೂರ್ತಿ ಶುದ್ಧವಾಗುವ ತನಕ ನಿಲ್ಲಬೇಡಿ. ನಾಲ್ಕು ಅಡಿಯ ಗಿಡ ಒಂದಡಿಗೆ ಇಳಿದರೂ ಆ ಒಂದಡಿ ಬದುಕುತ್ತದೆ. ಆಮೇಲೆ ಅಂಚನ್ನು ಪೆನ್ಸಿಲ್ ಮೊನೆ ಮಾಡಿದಂತೆ ಸುತ್ತಲೂ ಓರೆಯಾಗಿ ಹೆರೆಯಿರಿ. ಒಣಗುವಾಗ ನಡುವಿನ ತಿರುಳು ಕುಗ್ಗಿ ಒಳಗೆ ಸರಿಯುತ್ತದೆ, ಹೊರ ಚರ್ಮ ಕುಗ್ಗದೆ ಹಾಗೇ ಬಟ್ಟಲಿನಂತೆ ನಿಲ್ಲುತ್ತದೆ. ಹೊಸ ಬೇರು ಹೊರಡುವುದು ಆ ಉಂಗುರದಿಂದ. ಹೆರೆಯದಿದ್ದರೆ ಬೇರು ಮಣ್ಣಿಗೆ ತಾಗದೆ ಗಾಳಿಯಲ್ಲಿ ಒಣಗುತ್ತದೆ.

ಗಂಧಕದ ಪುಡಿ ಬಳಿದು ನೆರಳಲ್ಲಿ, ಗಾಳಿ ಆಡುವ ಕಡೆ, ನಿಲ್ಲಿಸಿಯೇ ಇಡಿ. ಖಾಲಿ ಕುಂಡದೊಳಗೆ ಕಾಗದ ಸುತ್ತಿ ನಿಲ್ಲಿಸಿದರೆ ಸಾಕು. ಮಲಗಿಸಿಟ್ಟರೆ ಸುಳಿ ಬೆಳಕಿಗೆ ಬಾಗುತ್ತದೆ, ಅಡ್ಡ ಮೈಯಿಂದ ಬೇರು ಬರುತ್ತದೆ. ಬೇಸಿಗೆಯಲ್ಲಿ ತೆಳು ಕಂಬಕ್ಕೆ ಎರಡು ವಾರ, ತೋಳಿನ ದಪ್ಪದ ಟ್ರೈಕೊಸೀರಿಯಸ್‌ಗೆ ಒಂದು ತಿಂಗಳು. ಮಳೆಗಾಲದಲ್ಲಿ ಇನ್ನೂ ಹೆಚ್ಚು, ಫ್ಯಾನ್ ಗಾಳಿಯಾದರೂ ಬೇಕು. ಕೊಯ್ದ ಮುಖ ಹಪ್ಪಳದಂತೆ ಒಣಗಿದ ಮೇಲೆ ಒಣ ಜಲ್ಲಿಯಲ್ಲಿ ಊರಿ. ನೀರು ಕೂಡಲೇ ಹಾಕಬೇಡಿ. ಮೆಲ್ಲಗೆ ಎಳೆದಾಗ ಕಂಬ ತಡೆದು ನಿಂತರೆ ಬೇರು ಬಂದಿದೆ, ನೀರು ಶುರುಮಾಡಬಹುದು.

ಒಂದು ಕೊಳೆ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಅಂಗಡಿಯಿಂದ ತಂದ ಎಳೆಯ ಎಸ್ಪೊಸ್ಟೊವಾ ಅಥವಾ ಕ್ಲೈಸ್ಟೊಕ್ಯಾಕ್ಟಸ್‌ನ ಬುಡ ಮೂರು ಮೂಲೆಯ ಹಸಿರು ಕಾಂಡವಾಗಿದ್ದರೆ ಅದು ಕಸಿ. ಕೆಳಗಿರುವುದು ಡ್ರ್ಯಾಗನ್ ಫ್ರೂಟ್ ಬಳ್ಳಿ. ಆ ಬುಡ ಕೆಲವು ವರ್ಷಗಳಲ್ಲಿ ಸೊರಗುವುದು ಸಾಮಾನ್ಯ. ಮೇಲಿನ ಗಿಡ ಚೆನ್ನಾಗಿರುವಾಗಲೇ ಬಿಡಿಸಿ ಅದರ ಸ್ವಂತ ಬೇರಿನ ಮೇಲೆ ನಿಲ್ಲಿಸಿ.

ಮೈ ಸುಕ್ಕಾಗಿದೆ

ಕಂಬಗಳ್ಳಿಯ ಏಣುಗಳು ಹಾರ್ಮೋನಿಯಂ ತಿದಿಯ ಹಾಗೆ. ನೀರಿದ್ದರೆ ಉಬ್ಬುತ್ತವೆ, ಬತ್ತಿದರೆ ಮಡಚುತ್ತವೆ. ಹಾಗಾಗಿ ಸುಕ್ಕಿಗೆ ತೀರ ವಿರುದ್ಧವಾದ ಎರಡು ಕಾರಣಗಳಿವೆ. ಒಂದು, ನೀರು ಸಾಲದು. ಇನ್ನೊಂದು, ನೀರು ಹೆಚ್ಚಾಗಿ ಬೇರು ಸತ್ತು, ಮಣ್ಣಲ್ಲಿ ನೀರಿದ್ದೂ ಕುಡಿಯಲಾಗದು. ಎರಡನೆಯದನ್ನು ಮೊದಲನೆಯದೆಂದು ತಿಳಿದು ಮತ್ತೆ ನೀರು ಸುರಿದರೆ ಗಿಡ ಹೋಯಿತು.

ಬಿದಿರಿನ ಕಡ್ಡಿಯೊಂದನ್ನು ಕುಂಡದ ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ಒಣಗಿದ್ದರೆ ಒಮ್ಮೆ ತುಂಬ ನೀರು ಕೊಡಿ. ವಾರದೊಳಗೆ ಏಣುಗಳು ತುಂಬಿಕೊಂಡರೆ ಬರೀ ಬಾಯಾರಿಕೆ. ಕಡ್ಡಿ ಒದ್ದೆಯಿದ್ದೂ ಮೈ ಸುಕ್ಕಾಗಿದ್ದರೆ ತಡಮಾಡದೆ ಕುಂಡದಿಂದ ಕೀಳಿ. ಜೀವವಿರುವ ಬೇರು ಬೆಳ್ಳಗೆ ಅಥವಾ ತಿಳಿಗಂದಾಗಿ ಗಟ್ಟಿ ಇರುತ್ತದೆ. ಸತ್ತದ್ದನ್ನು ಎಳೆದರೆ ಸಿಪ್ಪೆ ಕಳಚಿ ನಡುವಿನ ನೂಲು ಮಾತ್ರ ಉಳಿಯುತ್ತದೆ. ಸತ್ತದ್ದನ್ನೆಲ್ಲ ಕತ್ತರಿಸಿ, ವಾರ ಒಣಗಿಸಿ, ಹೊಸ ಮಣ್ಣಿಗೆ ಹಾಕಿ. ಬೇರಿನಲ್ಲಿ ಸಾಸಿವೆ ಗಾತ್ರದ ಗಂಟುಗಳಿದ್ದರೆ ಜಂತುಹುಳ, ತೋಟದ ಮಣ್ಣನ್ನು ಹಾಗೇ ಬಳಸಿದ್ದಕ್ಕೆ. ಆ ಮಣ್ಣನ್ನು ಬೇರೆ ಕುಂಡಕ್ಕೆ ಸುರಿಯಬೇಡಿ.

ಮಣ್ಣಿನ ವಿಷಯದಲ್ಲಿ ನಾನು ಕಂಡ ದೊಡ್ಡ ತಪ್ಪು ಸಣ್ಣ ಮರಳು. "ಕಳ್ಳಿಗೆ ಮರಳು" ಎಂಬ ಮಾತನ್ನು ನಂಬಿ ಎಂ-ಸ್ಯಾಂಡ್ ಹಾಗೇ ಬೆರೆಸುತ್ತಾರೆ. ಅದರ ಹಿಟ್ಟಿನಂಥ ದೂಳು ಎರಡು ಮಳೆಗೆ ಸಿಮೆಂಟಿನಂತೆ ಕೂರುತ್ತದೆ. ಜರಡಿ ಹಿಡಿದು ದೂಳು ಬಿಸಾಡಿ. ಜೋಳದ ಕಾಳಿನಷ್ಟು ದಪ್ಪದ ಜಲ್ಲಿ ಅಥವಾ ಇಟ್ಟಿಗೆ ಚೂರು ಮೂರು ಪಾಲು, ಕೆಮ್ಮಣ್ಣು ಒಂದು ಪಾಲು, ಎರೆಗೊಬ್ಬರ ಅರ್ಧ ಪಾಲು. ಇದು ನನ್ನ ತಾರಸಿಯ ಲೆಕ್ಕ. ತೀರ್ಥಹಳ್ಳಿ, ಆಗುಂಬೆ ಕಡೆಯವರು ಜಲ್ಲಿ ಇನ್ನೂ ಹೆಚ್ಚಿಸಿ, ಮೇಲೆ ಪಾರದರ್ಶಕ ಶೀಟಿನ ಮಾಡು ಹಾಕದೆ ಆಂಡೀಸ್ ಗಿಡಗಳ ಆಸೆ ಇಟ್ಟುಕೊಳ್ಳಬಾರದು. ಕುಂಡಕ್ಕೆ ಒಂದು ಚೊಂಬು ನೀರು ಸುರಿದರೆ ಹತ್ತು ಎಣಿಸುವಷ್ಟರಲ್ಲಿ ತಳದಿಂದ ಹೊರಬರಬೇಕು.

ಬಹಳ ದಿನ ಒಣಗಿದ ಗಿಡಕ್ಕೆ ಒಮ್ಮೆಲೇ ಮಳೆ ಹೊಡೆದರೆ ಮೈ ಉದ್ದಕ್ಕೆ ಸೀಳುತ್ತದೆ. ನೋಡಲು ಭಯವಾಗುತ್ತದೆ, ಆದರೆ ಒಣ ಗಾಳಿಯಲ್ಲಿಟ್ಟರೆ ಗಾಯ ತಾನೇ ಮಾಯುತ್ತದೆ.

ಬಣ್ಣ ಕೆಟ್ಟಿದೆ

ಒಂದೇ ಬದಿ ಬಿಳಿಚಿ, ಆಮೇಲೆ ಬೂದುಗಂದಾಗಿ ಗಟ್ಟಿಯಾದರೆ ಬಿಸಿಲ ಸುಟ್ಟಗಾಯ. ಕಳ್ಳಿಗೂ ಬಿಸಿಲು ಸುಡುತ್ತದೆಯೇ ಎಂದು ಆಶ್ಚರ್ಯಪಡುವವರಿದ್ದಾರೆ. ಆಂಡೀಸ್‌ನಲ್ಲೇ ಕಾರ್ದೋನ್ ಸಸಿಗಳು ಬದುಕುವುದು ಹೆಚ್ಚಾಗಿ ಪೊದೆಗಳ ನೆರಳಲ್ಲಿ. ದೊಡ್ಡವಾದ ಮೇಲೆ ಪೊದೆಯನ್ನು ಮೀರಿ ನಿಲ್ಲುತ್ತವೆ. ನೆರಳಲ್ಲಿದ್ದ ಗಿಡವನ್ನು ಮಾರ್ಚಿಯಲ್ಲಿ ಬಯಲಿಗೆ ಇಟ್ಟರೆ ಎರಡೇ ದಿನದಲ್ಲಿ ಸುಡುತ್ತದೆ. ಇನ್ನೊಂದು ವಿಷಯ ನಮ್ಮ ಅಕ್ಷಾಂಶಕ್ಕೆ ಸೇರಿದ್ದು. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಬಿಸಿಲು ಬೀಳುವುದು ಉತ್ತರದಿಂದ. ಅಲ್ಲಿಯವರೆಗೆ ನೆರಳಲ್ಲಿದ್ದ ಉತ್ತರದ ಬದಿ ಮೇ ತಿಂಗಳಲ್ಲಿ ಸುಡುವುದು ಈ ಕಾರಣಕ್ಕೆ. ಆ ನಾಲ್ಕು ವಾರ ತೆಳು ಪರದೆ ಕಟ್ಟಿ. ಸುಟ್ಟ ಕಲೆ ಹೋಗುವುದಿಲ್ಲ, ಹಬ್ಬುವುದೂ ಇಲ್ಲ.

ಸುಳಿಯ ಹೊಸ ಭಾಗ ಮಾತ್ರ ಹಳದಿಯಾಗಿ ಕೆಳಗೆ ಹಸಿರು ಉಳಿದಿದ್ದರೆ ಕೊಳವೆಬಾವಿ ನೀರನ್ನು ಅನುಮಾನಿಸಿ. ಗಡಸು ನೀರಿನ ಸುಣ್ಣ ಮಣ್ಣಿನ ಕ್ಷಾರತೆ ಏರಿಸುತ್ತದೆ. ಕಬ್ಬಿಣ ಮಣ್ಣಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ ಅನುಮಾನ ಗಟ್ಟಿ. ಮಳೆನೀರು ಹಿಡಿದಿಟ್ಟು ಎರಡು ಬಾರಿ ಚೆನ್ನಾಗಿ ತೊಳೆಯುವಂತೆ ಹಾಕಿ, ಬೇಕಾದರೆ ಬೇರಿಗೆ ದಕ್ಕುವ ಚೀಲೇಟ್ ರೂಪದ ಕಬ್ಬಿಣ ಕೊಡಿ. ಇಡೀ ಗಿಡ, ಅದರಲ್ಲೂ ಕೆಳಭಾಗ ತಿಳಿ ಹಸಿರಾದರೆ ಸಾರಜನಕ ಸಾಲದು. ಕುಂಡ ಬದಲಿಸಿ ಮೂರು ವರ್ಷ ಆಗಿರಬೇಕು.

ಪೈಲೊಸೊಸೀರಿಯಸ್‌ನ ನೀಲಿ ಹೋಗಿ ಹಸಿರಾಯಿತು ಎಂದು ಬರುವ ದೂರಿಗೆ ನಾನು ಕೇಳುವುದು ಒಂದೇ: ಬೇವಿನ ಎಣ್ಣೆ ಹೊಡೆದಿರಾ? ಆ ನೀಲಿ ಚರ್ಮದ ಬಣ್ಣವಲ್ಲ, ಮೇಲಿನ ಮೇಣದ ಪದರ. ಎಣ್ಣೆ, ಸಾಬೂನು, ಕೈಬೆರಳು ತಾಗಿದಲ್ಲಿ ಅಳಿಸುತ್ತದೆ, ಹಳೆಯ ಭಾಗದಲ್ಲಿ ಮರಳುವುದಿಲ್ಲ. ನೀಲಿ ಕಳ್ಳಿಗೆ ಎಣ್ಣೆಯ ಔಷಧಿ ಬೇಡವೇ ಬೇಡ.

ಸುಳಿ ನಿಂತಿದೆ

ಬಿಸಿಲ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಟ್ರೈಕೊಸೀರಿಯಸ್ ಸುಮ್ಮನೆ ನಿಂತುಬಿಡುತ್ತದೆ. ಅದು ರೋಗವಲ್ಲ. ಕಳ್ಳಿ ರಾತ್ರಿಯಲ್ಲಿ ಮಾತ್ರ ಪತ್ರರಂಧ್ರ ತೆರೆದು ಇಂಗಾಲಾಮ್ಲ ಒಳಗೆಳೆಯುತ್ತದೆ. ರಾತ್ರಿಯೂ ಕಾದಿದ್ದರೆ ಗಳಿಸಿದ್ದು ಉಸಿರಾಟಕ್ಕೇ ಖರ್ಚಾಗುತ್ತದೆ. ಬೊಲಿವಿಯಾದ ಉಯುನಿ ಉಪ್ಪುಬಯಲಿನ ನಡುವಿನ ಇಂಕಾವಾಸಿ ಗುಡ್ಡದ ಕಂಬಗಳು ನಿಂತಿರುವುದು 3,650 ಮೀಟರ್ ಎತ್ತರದಲ್ಲಿ, ಅಲ್ಲಿ ರಾತ್ರಿ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ಆ ದಿನಗಳಲ್ಲಿ ನೀರು, ಗೊಬ್ಬರ ತಗ್ಗಿಸಿ, ಸಂಜೆ ನೆಲ ತಂಪು ಮಾಡಿ, ಕಾಯಿರಿ.

ಸುಳಿಯ ಸುತ್ತ ಕಂದು ಹಕ್ಕಳೆ, ತುಕ್ಕು ಹಿಡಿದಂಥ ಬಣ್ಣ, ಸಣ್ಣ ಬಲೆ ಕಂಡರೆ ನುಸಿ. ಬಿಳಿ ಹಾಳೆ ಹಿಡಿದು ಸುಳಿಯನ್ನು ತಟ್ಟಿ. ಹಾಳೆಯ ಮೇಲೆ ಬಿದ್ದ ಚುಕ್ಕೆಗಳು ನಡೆಯತೊಡಗಿದರೆ ಖಚಿತ. ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಜೋರು ನೀರಿನಿಂದ ತೊಳೆದರೆ ಅರ್ಧ ಹೋಗುತ್ತವೆ, ಉಳಿದದ್ದಕ್ಕೆ ನೀರಲ್ಲಿ ಬೆರೆಯುವ ಗಂಧಕ. ಬಿಸಿಲು 32 ಡಿಗ್ರಿ ದಾಟುವ ದಿನಗಳಲ್ಲಿ ಗಂಧಕ ಬೇಡ, ಎಣ್ಣೆ ಹೊಡೆದ ಎರಡು ವಾರದೊಳಗೂ ಬೇಡ, ಸುಳಿಯೇ ಸುಡುತ್ತದೆ. ಸುಳಿ ಸತ್ತರೂ ಕೆಳಗಿನ ಮುಳ್ಳುಗುಂಡಿಗಳಿಂದ ಕವಲು ಬರುತ್ತದೆ, ಗಿಡ ಎಸೆಯಬೇಡಿ.

ಬಿಳಿ ಹತ್ತಿ

ಎಸ್ಪೊಸ್ಟೊವಾದ ಉಣ್ಣೆಯಲ್ಲಿ ಹಿಟ್ಟು ತಿಗಣೆ ಅಡಗಿದರೆ ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ಹುಡುಕಿಕೊಡುವುದು ಇರುವೆ. ಕಂಬದ ಮೇಲೆ ಇರುವೆ ಸಾಲು ಹತ್ತಿಳಿಯುತ್ತಿದ್ದರೆ ಮೇಲೆಲ್ಲೋ ಸಿಹಿ ಸುರಿಸುವ ಕೀಟವಿದೆ. ಇರುವೆ ಕುಂಡದ ತಳದ ತೂತಿಗೆ ಹೋಗುತ್ತಿದ್ದರೆ ತಿಗಣೆ ಬೇರಿನಲ್ಲಿದೆ. ಬೇರು ಪೂರ್ತಿ ತೊಳೆದು, ಒಣಗಿಸಿ, ಬೇರೆ ಕುಂಡಕ್ಕೆ ಹಾಕಬೇಕು. ಮೈ ಮೇಲಿನದಕ್ಕೆ ಸ್ಪಿರಿಟ್‌ನಲ್ಲಿ ಅದ್ದಿದ ಬ್ರಷ್ ಸಾಕು, ಸಂಜೆ ಹೊತ್ತು, ವಾರಕ್ಕೊಮ್ಮೆ, ಒಂದು ತಿಂಗಳು. ಬಲಿತ ಎಸ್ಪೊಸ್ಟೊವಾದ ಒಂದು ಬದಿಯಲ್ಲಿ ಮಾತ್ರ ಉಣ್ಣೆ ದಟ್ಟವಾಗಿ ಪಟ್ಟಿಯಾಗಿ ಇಳಿದರೆ ಅದು ಕೀಟವಲ್ಲ. ಹೂ ಬಿಡುವ ಜಾಗ ಅದು, ಸಂತೋಷಪಡಿ.

ಹೂವಿಲ್ಲ, ಹೂವಿದ್ದರೂ ಕಾಯಿಲ್ಲ

ಹೂವಿಲ್ಲ ಎಂಬುದಕ್ಕೆ ಹೆಚ್ಚಿನ ಸಲ ಉತ್ತರ ಎತ್ತರ. ಕ್ಲೈಸ್ಟೊಕ್ಯಾಕ್ಟಸ್ ಅರ್ಧ ಮೀಟರ್ ಆಸುಪಾಸಿನಲ್ಲಿ ಹೂ ಬಿಡಬಹುದು. ಅದರ ಕೆಂಪು ಹೂ ಪೂರ್ತಿ ಅರಳದೆ ಕೊಳವೆಯಾಗಿಯೇ ಉಳಿಯುತ್ತದೆ, ಅದೇ ಅದರ ಸ್ವಭಾವ. ತವರಿನಲ್ಲಿ ಝೇಂಕಾರದ ಹಕ್ಕಿಗಳ ಕೊಕ್ಕಿಗೆ ಅಷ್ಟು ಸಾಕು. ಸೀರಿಯಸ್, ಟ್ರೈಕೊಸೀರಿಯಸ್‌ಗಳಿಗೆ ಆಳೆತ್ತರವಾದರೂ ಬೇಕು. ಕುಂಡದಲ್ಲಿ ಅಷ್ಟಾಗುವುದು ನಿಧಾನ, ನೆಲದಲ್ಲಿ ಬೇಗ.

ಟ್ರೈಕೊಸೀರಿಯಸ್ ಹೂ ಬಿಟ್ಟು ಕಾಯಿ ಕಟ್ಟದೆ ಉದುರಿದರೆ ನಿಮ್ಮ ಆರೈಕೆಯಲ್ಲಿ ತಪ್ಪಿಲ್ಲ. ಅವು ಹೆಚ್ಚಿನವು ತಮ್ಮದೇ ಪರಾಗ ಒಪ್ಪುವುದಿಲ್ಲ. ಒಂದೇ ತಾಯಿಗಿಡದ ತುಂಡುಗಳನ್ನು ಊರೆಲ್ಲ ಹಂಚಿ ಬೆಳೆಸಿದರೆ ಎಲ್ಲವೂ ಒಂದೇ ಗಿಡವಾದಂತೆ. ಬೀಜದಿಂದ ಬಂದ ಬೇರೆ ಗಿಡದ ಪರಾಗ ಬೇಕು. ಬ್ರಹ್ಮಕಮಲ ಅರಳುವುದನ್ನು ಕಾಯುತ್ತ ಎಚ್ಚರವಿದ್ದವರಿಗೆ ಇದು ಹೊಸತಲ್ಲ: ರಾತ್ರಿ ಅರಳಿದ ಹೂವಿಗೆ ರಾತ್ರಿಯೇ ಮೃದು ಬ್ರಷ್ಷಿನಿಂದ ಪರಾಗ ಮುಟ್ಟಿಸಿ.

ಮೈಸೂರಿನ ಗೆಳತಿಯೊಬ್ಬರ ಮನೆಯಲ್ಲಿ ಸ್ಯಾನ್ ಪೆದ್ರೊ ಎಂದು ತಂದ ಕಂಬವೊಂದಿತ್ತು. ಎಂಟು ವರ್ಷ ಅದನ್ನು ಮಳೆ ತಾಗದಂತೆ ಸಜ್ಜೆಯ ಕೆಳಗೆ, ಅಳೆದು ನೀರು ಹಾಕಿ ಸಾಕಿದರು. ಅದು ವರ್ಷಕ್ಕೆ ಗೇಣೂ ಬೆಳೆಯುತ್ತಿರಲಿಲ್ಲ, ಸದಾ ಸುಕ್ಕು. ಏಣು ತೆಳುವಿದೆಯಲ್ಲ, ಸೀರಿಯಸ್ ಇರಬಹುದೇ ಎಂದು ನಾನು ಒಮ್ಮೆ ಕೇಳಿದ್ದೆ. ಬಾಯಾರಿದ ಗಿಡದಲ್ಲಿ ಎಲ್ಲ ಏಣೂ ತೆಳುವೇ ಕಾಣುತ್ತದೆ, ಹಾಗಾಗಿ ಇಬ್ಬರೂ ಖಚಿತವಾಗಿ ಹೇಳಲಾಗಲಿಲ್ಲ. ಕಳೆದ ಬೇಸಿಗೆಯಲ್ಲಿ ಮೊದಲ ಮೊಗ್ಗು ಬಂತು. ರಾತ್ರಿ ಹತ್ತೂವರೆಗೆ ಅವರು ಕಳಿಸಿದ ಫೋಟೊದಲ್ಲಿ ಹೂವಿನ ಮುಖ ಮಾತ್ರ ಇತ್ತು. ಕೊಳವೆಯದ್ದು ಬೇಕು, ಹಿಂಬದಿಯಿಂದ ತೆಗೆಯಿರಿ ಎಂದೆ. ಟಾರ್ಚ್ ಹಿಡಿದು ಇನ್ನೊಂದು ಕಳಿಸಿದರು: ಕೊಳವೆ ಹಸಿರಾಗಿ, ನುಣ್ಣಗೆ, ಒಂದು ಕೂದಲೂ ಇಲ್ಲದೆ ಇತ್ತು. ಮರುವಾರ ಅದನ್ನು ಸಜ್ಜೆಯ ಕೆಳಗಿಂದ ತೆಗೆದು, ಕಾಂಪೌಂಡಿನ ಪಕ್ಕ ಜಲ್ಲಿ ತುಂಬಿದ ಗುಂಡಿಯಲ್ಲಿ ನೆಟ್ಟರು. ಈ ಮಳೆಗಾಲ ಮುಗಿಯುವಷ್ಟರಲ್ಲಿ ಎರಡು ಗೇಣು ಏರಿದೆ.